ಅರವತ್ತೊಂದು ಮನೆಯ ಕಳಕವ್ವ

ಎಣಿಸಲು ಬಂದವನಿಗೆ ಸುಳ್ಳು ಹೇಳಿದರೆ ಪಾಪವಿಲ್ಲ ಎಂಬ ನಂಬಿಕೆ ನಮ್ಮ ಗದಗ ಸೀಮೆಯಲ್ಲಿ ಮೊದಲಿನಿಂದಲೂ ಇದೆ. ಅಂಕಿಸಂಖ್ಯೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಮನೆ ಮನೆ ತಿರುಗಿದವನು ನಾನು, ಮಾತು ಅನುಭವದ್ದು. ಎಷ್ಟು ಮಂದಿ ಇದ್ದೀರಿ ಎಂದು ಕೇಳಿದರೆ ನೀರಿಗೆ ಒಂದು ಲೆಕ್ಕ, ರೇಷನ್ನಿಗೆ ಒಂದು ಲೆಕ್ಕ, ನೆಂಟಸ್ತನಕ್ಕೆ ಬಂದವರ ಮುಂದೆ ಇನ್ನೊಂದು ಲೆಕ್ಕ. ಉಣ್ಣುವ ಮಂದಿಯನ್ನು ಎಣಿಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಮುದುಕಿಯರು ನನ್ನ ಬಾಯಿ ಮುಚ್ಚಿಸಿದ್ದೂ ಉಂಟು. ಈ ಸುಳ್ಳುಗಳನ್ನೆಲ್ಲ ಒಂದೇ ಏಟಿಗೆ ಮುಗಿಸುತ್ತೇವೆಂದು ಮೇಲಿನವರು ಉಸಿರುಪೆಟ್ಟಿಗೆ ತಂದರು.

ನೋಡಲು ಉಪ್ಪಿನಕಾಯಿ ಭರಣಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ. ಅಡುಗೆಮನೆಯ ಬಾಗಿಲ ಮೇಲೆ ತೂಗುಹಾಕುವುದು. ಪ್ರತಿ ಮನುಷ್ಯನ ಚರ್ಮದ ಮೇಲೆ, ಬಾಯಲ್ಲಿ, ಉಸಿರಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳ ಸಂಸಾರ ಇರುತ್ತದಲ್ಲ, ಆ ಸಂಸಾರ ಒಬ್ಬರದ್ದು ಇದ್ದಂತೆ ಇನ್ನೊಬ್ಬರದ್ದು ಇರುವುದಿಲ್ಲ. ಪೆಟ್ಟಿಗೆ ದಿನಕ್ಕೊಮ್ಮೆ ಮನೆಯ ಗಾಳಿಯ ರುಚಿ ನೋಡಿ, ಹತ್ತು ದಿನಕ್ಕೆ ಇಲ್ಲಿ ಇಷ್ಟು ಜನ ವಾಸವಿದ್ದಾರೆ ಎಂದು ಬರೆಯುತ್ತದೆ. ಗಂಡೋ ಹೆಣ್ಣೋ, ವಯಸ್ಸು ಅಂದಾಜು ಎಷ್ಟು, ಜ್ವರ ಇದೆಯೋ ಇಲ್ಲವೋ, ಎಲ್ಲ ಹೇಳುತ್ತದೆ. ಹೆಸರು ಮಾತ್ರ ಹೇಳುವುದಿಲ್ಲ. ಒಂದೊಂದು ದೇಹಕ್ಕೆ ಒಂದೊಂದು ಸಂಖ್ಯೆ ಕೊಡುತ್ತದೆ, ಒಂದು ಸಂಖ್ಯೆ ಎರಡು ಮನೆಯಲ್ಲಿ ಬರುವಂತಿಲ್ಲ. ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಕುಟುಂಬ ಎಂಬುದು ನಮ್ಮ ಇಲಾಖೆಯ ಹಳೆಯ ವ್ಯಾಖ್ಯೆ. ಅದಕ್ಕೇ ಪೆಟ್ಟಿಗೆಗೆ ಅಡುಗೆಮನೆಯ ಬಾಗಿಲು.

ಆ ವರ್ಷ ಮೊದಲ ಸಲ ನಿರಾಶ್ರಿತರನ್ನೂ ಹೊರದೇಶದಿಂದ ಮರಳಿದವರನ್ನೂ ದೇಶದ ಕುಟುಂಬ ಸಮೀಕ್ಷೆಗೆ ಸೇರಿಸಬೇಕೆಂದು ಆದೇಶ ಬಂತು. ನನ್ನ ಪಾಲಿಗೆ ಬಿದ್ದದ್ದು ಕಪ್ಪತಗುಡ್ಡದ ಬುಡದ ಫ್ಯಾನಿನ ಓಣಿ. ಗಾಳಿಯಂತ್ರದ ಕಂಪನಿಯವರು ಬಿಟ್ಟುಹೋದ ಅರವತ್ತನಾಲ್ಕು ಮನೆಗಳ ಕಾಲೊನಿ ಅದು. ಅಲ್ಲಿದ್ದವರ ತಂದೆ ತಾಯಿಗಳು ಒಂದು ಕಾಲಕ್ಕೆ ಮುಂಡರಗಿ, ಗಜೇಂದ್ರಗಡದ ಕಡೆಯಿಂದ ಕೆಂಪು ಸಮುದ್ರದ ದಡದ ಹತ್ತಿ ತೋಟಗಳಿಗೆ ದುಡಿಯಲು ಹೋದವರು. ಅಲ್ಲಿ ನೆರಳಲ್ಲೂ ಐವತ್ತೈದು ಡಿಗ್ರಿ ಬಿಸಿಲು ಕಾಯತೊಡಗಿ ತೋಟಗಳು ಮುಚ್ಚಿದವು. ಮೂರು ವರ್ಷದ ಹಿಂದೆ ಒಂದು ಹಡಗು ಇವರನ್ನು ತಂದು ನಮ್ಮ ಬಂದರಿನಲ್ಲಿ ಇಳಿಸಿತ್ತು. ಆ ದೇಶದ ಪಟ್ಟಿಯಲ್ಲಿ ಇವರಿಲ್ಲ, ನಮ್ಮ ಪಟ್ಟಿಯಲ್ಲಿ ಇನ್ನೂ ಬಂದಿಲ್ಲ. ಸಮೀಕ್ಷೆಯ ಕೋಷ್ಟಕದಲ್ಲಿ ಬಂದರೆ ಇಲ್ಲಿಯ ನಿವಾಸಿಗಳು. ಬರದಿದ್ದರೆ ಮತ್ತೆ ಬಂದರಿನ ತಗಡಿನ ಶೆಡ್ಡು. ಅಲ್ಲಿ ಒಂಬತ್ತು ತಿಂಗಳು ಕಳೆದು ಬಂದವರಿಗೆ ಶೆಡ್ಡಿನ ಹೆಸರೇ ಬೇಡವಾಗಿತ್ತು.

ಮೊದಲ ಹತ್ತು ದಿನದ ಎಣಿಕೆ ಬಂದಾಗ ನಾನು ಧಾರವಾಡದ ವಿಶ್ಲೇಷಣಾ ಕೇಂದ್ರದಲ್ಲಿದ್ದೆ. ಅಲ್ಲಿಯ ಮುಖ್ಯಸ್ಥೆ ಡಾಕ್ಟರ್ ನಫೀಸಾ ಮುಲ್ಲಾ. ವಯಸ್ಸಿನಲ್ಲಿ ನನ್ನ ಮಗಳಷ್ಟು, ಹುದ್ದೆಯಲ್ಲಿ ನನಗಿಂತ ನಾಲ್ಕು ಮೆಟ್ಟಿಲು ಮೇಲೆ. ಪರದೆಯ ಮೇಲೆ ಕಾಲೊನಿಯ ನಕ್ಷೆ ಹಾಕಿಕೊಂಡು ಕೂತಿದ್ದರು.

"ಹಡಗಲಿಯವರ, ಇಲ್ಲೆ ನೋಡ್ರಿ. ಅರವತ್ನಾಕು ಮನ್ಯಾಗ ಅರವತ್ತೊಂದು ಮನಿಯೊಳಗ ಒಬ್ಬರು ಹೆಚ್ಚಿಗಿ ಅದಾರ."

"ಯಾರನ್ನರೆ ಮುಚ್ಚಿಟ್ಟಿರಬೇಕ್ರಿ ಮೇಡಂ. ನಮ್ಮ ಮಂದಿಗೆ ಅದು ರೂಢಿ."

"ಅರವತ್ತೊಂದು ಮಂದಿ ಅಲ್ಲ. ಒಬ್ಬಾಕಿನ." ಅವರು ಒಂದು ಗುಂಡಿ ಒತ್ತಿದರು. ಅರವತ್ತೊಂದು ಮನೆಗಳಲ್ಲೂ ಒಂದೇ ಸಂಖ್ಯೆ ಕೆಂಪಗೆ ಹೊತ್ತಿಕೊಂಡಿತು. "ಹೆಣ್ಣಮಗಳು. ವಯಸ್ಸು ಸುಮಾರು ಅರವತ್ತಮೂರು. ಒಂದ ಹೊತ್ತಿಗೆ ಎಲ್ಲಾ ಮನ್ಯಾಗೂ ಉಸಿರಾಡಾಕತ್ತಾಳ."

ನನಗೆ ನಗು ಬಂತು. ಅವರು ನಗಲಿಲ್ಲ, ಹಾಗಾಗಿ ನಾನೂ ನಿಲ್ಲಿಸಿದೆ. ಪೆಟ್ಟಿಗೆಗಳನ್ನು ಬದಲಿಸಿ ನೋಡಿದ್ದರಂತೆ, ಫಲಿತಾಂಶ ಬದಲಾಗಿರಲಿಲ್ಲ. ಒಂದೇ ಸಂಖ್ಯೆ ಎರಡು ಮನೆಯಲ್ಲಿ ಬಂದರೂ ಯಂತ್ರ ಅದನ್ನು ವಂಚನೆ ಎಂದು ಬರೆದುಕೊಳ್ಳುತ್ತದೆ. ಅರವತ್ತೊಂದರಲ್ಲಿ ಬಂದರೆ ಇಡೀ ಕಾಲೊನಿಯನ್ನೇ ಕೋಷ್ಟಕದಿಂದ ತೆಗೆದುಹಾಕುತ್ತದೆ. ಸಮೀಕ್ಷೆ ಮುಗಿಯಲು ಎರಡು ತಿಂಗಳಿತ್ತು.

ಮರುದಿನವೇ ಫ್ಯಾನಿನ ಓಣಿಗೆ ಹೋದೆ. ಹಗಲು ಹೊತ್ತಿನಲ್ಲಿ ಬಾಗಿಲು ಬಾಗಿಲು ಹೊಕ್ಕು, ಅಟ್ಟ, ಪಡಸಾಲೆ, ಬಚ್ಚಲು ಎಲ್ಲ ನೋಡಿದೆ. ಅರವತ್ತು ದಾಟಿದ ಹೆಂಗಸರು ಮೂವರೇ ಇದ್ದರು, ಮೂವರಿಗೂ ಬೇರೆ ಸಂಖ್ಯೆ. ಹೆಚ್ಚಿನವಳು ಇಲ್ಲದ ಮೂರು ಮನೆಗಳಲ್ಲಿ ವಿಶೇಷವೇನೂ ಕಾಣಲಿಲ್ಲ. ಒಂದರಲ್ಲಿ ಹಾಲು ಒಗ್ಗದ ಮುದುಕನೊಬ್ಬ, ಇನ್ನೆರಡರಲ್ಲಿ ಅಂಗಡಿಯ ಪಾಕೀಟು ಮೊಸರು ತಂದು ಉಣ್ಣುವ ಹೊಸ ಸಂಸಾರಗಳು. ಅದೇ ಉತ್ತರವಾಗಿತ್ತು, ಆದರೆ ಮೂವತ್ತೆರಡು ವರ್ಷದ ಅನುಭವವಿದ್ದ ನನಗೆ ಹೊಳೆಯಲಿಲ್ಲ.

ಕೊನೆಯ ಸಾಲಿನ ಮನೆ ಫಕೀರವ್ವನದು. ಮೂವತ್ತೆಂಟರ ಹೆಂಗಸು. ಗಂಡ ದೇವೇಂದ್ರಪ್ಪ ಗಾಳಿಯಂತ್ರ ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದ, ಏಳು ವರ್ಷದ ಮಗಳು ಶಾಲೆಗೆ. ಮೂರು ಜನ, ಪೆಟ್ಟಿಗೆಯಲ್ಲಿ ನಾಲ್ಕು.

"ಕುಂದರ್ರಿ ಸಾಹೇಬ್ರ, ಮಜ್ಜಗಿ ಕುಡೀರಿ. ಬಿಸಲಾಗ ಬಂದೀರಿ."

ಕುಡಿದೆ. ಅಂಥ ಮಜ್ಜಿಗೆ ನಾನು ಬಾಲ್ಯದಲ್ಲೂ ಕುಡಿದಿರಲಿಲ್ಲ. ನಮ್ಮನೆಯಲ್ಲಿ ಮೊಸರು ಲೋಳೆಯಾಗುತ್ತದೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಅವಳು ಎದ್ದು ಹೊರಗೆ ಬಿಸಿಲು ನೋಡಿದಳು.

"ದೀಪಾ ಹಚ್ಚೂ ಹೊತ್ತು ಇನ್ನೂ ಐತಿ, ಒಯ್ರಿ. ದೀಪಾ ಹಚ್ಚಿದ ಮ್ಯಾಲ ಹೆಪ್ಪು ಕೊಡೂದಿಲ್ಲ ನಾವು." ಚಿಕ್ಕ ಕುಡಿಕೆಯಲ್ಲಿ ಎರಡು ಚಮಚ ಮೊಸರು ಹಾಕಿ ಬಾಯಿಗೆ ಅರಿವೆ ಕಟ್ಟಿದಳು. "ಈ ಓಣ್ಯಾಗ ಎಲ್ಲಾರ ಮನ್ಯಾಗೂ ಇದ ಹೆಪ್ಪು."

ಇನ್ನು ಇದಕ್ಕಿಂತ ಬಿಡಿಸಿ ಹೇಳುವವರು ಯಾರು? ಆದರೂ ನಾನು ಕುಡಿಕೆಯನ್ನು ಜೋಪಾನವಾಗಿ ಹಿಡಿದುಕೊಂಡು ಬಸ್ಸು ಹತ್ತಿದೆ.

ನಮ್ಮ ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಕಸ್ತೂರಿ, ಇಬ್ಬರೇ. ಇಲಾಖೆಯವನ ಮನೆಯೆಂದು ನಮ್ಮ ಅಡುಗೆಮನೆಗೂ ಒಂದು ಪೆಟ್ಟಿಗೆ ಬಂದಿತ್ತು. ಮೊಸರು ಕತ್ತರಿಸಿ ಬಡಿಸುವಷ್ಟು ಗಟ್ಟಿಯಾಯಿತು. ಕಸ್ತೂರಿ ನನ್ನನ್ನು ಮದುವೆಯಾದ ಮೇಲೆ ಮೊದಲ ಸಲ ಉಪಯೋಗದ ವಸ್ತು ತಂದಿರಿ ಎಂದು ಹೊಗಳಿದಳು. ಹನ್ನೆರಡನೆಯ ದಿನ ನಾನು ಕೈ ತೊಳೆಯುತ್ತಿದ್ದಾಗ ಅವಳು ಪೆಟ್ಟಿಗೆಯ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು.

"ಇಲ್ಲೆ ಮೂರು ಅಂತ ಬರದೈತಲ್ರಿ. ಮೂರನೇದವರು ಯಾರು?"

ಓಡಿಬಂದು ನೋಡಿದೆ. ಹೆಣ್ಣು, ಅರವತ್ತಮೂರು. ಅದೇ ಸಂಖ್ಯೆ. ಯಂತ್ರದ ತಪ್ಪು ಅಂದೆ. ನನ್ನ ದನಿ ನನಗೇ ಸುಳ್ಳು ಕೇಳಿಸಿತು.

ಅದು ಚೈತ್ರದ ಬಿರುಬಿಸಿಲು. ಎರಡು ದಿನ ಕಳೆದು ಪೆಟ್ಟಿಗೆ ಮೂರನೆಯವಳಿಗೆ ಜ್ವರ ಎಂದು ಬರೆಯಿತು. ನಫೀಸಾ ಮೇಡಂಗೆ ಫೋನು ಮಾಡಿದರೆ, ಆ ಅರವತ್ತೊಂದು ಮನೆಗಳಲ್ಲೂ ಅದೇ ಮಧ್ಯಾಹ್ನ ಅವಳಿಗೆ ಜ್ವರ ಬಂದಿತ್ತು. ಫೋನಿಟ್ಟು ಒಳಗೆ ಬಂದೆ. ಕಸ್ತೂರಿ ಶುಂಠಿ ಕಷಾಯ ಮಾಡಿ, ಒಂದು ಲೋಟ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಇಟ್ಟು, ಮೇಲೊಂದು ತಟ್ಟೆ ಮುಚ್ಚಿದ್ದಳು.

"ಏನಿದು?"

"ಯಾರರ ಇರಲಿ, ನಮ್ಮನ್ಯಾಗ ಜ್ವರಾ ಬಂದು ಮಲಗ್ಯಾರಲ್ಲ" ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಅಂದು ಊಟಕ್ಕೆ ಮೊಸರು ಬಾಯಿಗಿಟ್ಟಾಗ ಹುಳಿ ತಲೆಗೇರಿತು. ಸೆಕೆಗೆ ಹುದುಗು ಕೆಟ್ಟಿತ್ತು. ತುತ್ತು ಬಾಯಲ್ಲಿದ್ದಂತೆಯೇ ಎಲ್ಲ ಹೊಳೆಯಿತು.

ಕುಡಿಕೆಯನ್ನು ಧಾರವಾಡಕ್ಕೆ ಒಯ್ದೆ. ನಫೀಸಾ ಮೇಡಂ ಮೂರು ದಿನ ಅದರ ಜೊತೆ ಕೂತು ವಿಷಯ ಬಿಡಿಸಿದರು. ವರ್ಷಗಟ್ಟಲೆ ಒಂದೇ ಕೈಯಲ್ಲಿ ಹೆಪ್ಪು ಹಾಕಿದರೆ ಆ ಕೈಯ ಜೀವಿಗಳು ಹೆಪ್ಪಿನಲ್ಲಿ ಮನೆ ಮಾಡುತ್ತವೆ. ದಿನವೂ ಹೊಸ ಹಾಲು ಸಿಗುವುದರಿಂದ ಸಾಯುವುದಿಲ್ಲ. ಅದನ್ನು ಉಂಡವರ, ಮುಟ್ಟಿದವರ ಮನೆಯ ಗಾಳಿಯಲ್ಲೂ ಬೆರೆಯುತ್ತವೆ. ಹುದುಗು ಬಿಡುವ ಗಾಳಿಯನ್ನು ಪೆಟ್ಟಿಗೆ ಉಸಿರು ಎಂದು ತಿಳಿಯುತ್ತದೆ. ಅದು ಕೆಟ್ಟರೆ ಜ್ವರ ಎನ್ನುತ್ತದೆ.

"ಹಂಗಾರ ಅಲ್ಲಿ ಯಾರೂ ಇಲ್ಲ ಅಂದಂಗಾತಲ್ರಿ" ಎಂದೆ, ಸಮಾಧಾನದಿಂದ.

"ನೀವು ಅದೀರಿ ಅನ್ನೂದಕ್ಕೂ ಪೆಟಗಿ ಹತ್ರ ಇಷ್ಟ ಸಾಕ್ಷಿ ಇರೂದು, ಹಡಗಲಿಯವರ" ಎಂದರು ಅವರು. ನನಗೆ ಆ ಮಾತು ಹಿಡಿಸಲಿಲ್ಲ.

ಕಾಲೊನಿ ಉಳಿಯಬೇಕಾದರೆ ದಾರಿ ಒಂದೇ. ಅವಳು ಒಂದು ಮನೆಯಲ್ಲಿ ಇರಬಹುದು, ಅರವತ್ತೊಂದರಲ್ಲಿ ಅಲ್ಲ. ಅರವತ್ತು ಮನೆಯವರು ಹೆಪ್ಪು ಚೆಲ್ಲಿ, ಗಡಿಗೆ ಒಡೆದು, ಪಾತ್ರೆ ಕುದಿಸಿ, ಬೇರೆ ಹೆಪ್ಪು ತರಬೇಕು. ಇದನ್ನು ಹೇಳಲು ಫ್ಯಾನಿನ ಓಣಿಯ ಸಮುದಾಯ ಭವನದಲ್ಲಿ ಎಲ್ಲರನ್ನೂ ಕೂಡಿಸಿದೆ. ನನ್ನ ಮಾತು ಮುಗಿದಾಗ ಯಾರೂ ಆಶ್ಚರ್ಯಪಡಲಿಲ್ಲ. ಅದು ನನ್ನನ್ನು ಹೆಚ್ಚು ಹೆದರಿಸಿತು. ಎಲ್ಲರೂ ಫಕೀರವ್ವನ ಕಡೆ ತಿರುಗಿದರು.

"ನಮ್ಮವ್ವಂದ್ರಿ ಆ ಹೆಪ್ಪು" ಎಂದಳು ಫಕೀರವ್ವ. "ಕಳಕವ್ವ ಅಂತ ಹೆಸರು."

ಕೆಂಪು ಸಮುದ್ರದ ದಡದ ತೋಟದಲ್ಲಿ ಎಲ್ಲರಿಗೂ ಹೆಪ್ಪು ಕೊಡುತ್ತಿದ್ದವಳು ಕಳಕವ್ವ. ಕೊಡಾಕ ಬಂದಿಯೋ ಒಯ್ಯಾಕ ಬಂದಿಯೋ, ದೀಪಾ ಹಚ್ಚೂದರೊಳಗ ಹೇಳು ಎನ್ನುವುದು ಅವಳ ಬಾಯಿಪಾಠ. ಅವಳು ಹೇಗೆ ಉಳಿದಳೆಂದು ಫಕೀರವ್ವನೇ ಹೇಳಿದಳು.

"ಹಡಗಿನ ಪಟ್ಟಿ ಮಾಡಾಕ ಒಬ್ಬಾಂವ ಬಂದಿದ್ದ. ಈಗ ಮನ್ಯಾಗ ಎಷ್ಟು ಮಂದಿ ಅದೀರಿ ಅಂದ. ಅವ್ವ ಬಾಜೂಕ ಹೆಪ್ಪು ಕೊಡಾಕ ಹೋಗಿದ್ಲು. ನಾನು ಮನ್ಯಾಗ ಕಣ್ಣಾಡಿಸಿ ಮೂರು ಅಂದೆ. ಅಲ್ಲಿ ಬಾಜೂದವರು ಅಕಿ ನಮ್ಮಾಕಿ ಅಲ್ಲ ಅಂದ್ರು. ಎರಡೂ ಕಡೆ ಅಕಿ ಹೆಸರು ಬರಲಿಲ್ಲ. ಹಡಗು ಹತ್ತೂ ದಿನಾನ ಗೊತ್ತಾಗಿದ್ದು." ಸೆರಗಿನ ತುದಿ ತೋರಿಸಿದಳು. "ಮೊಸರಾಗ ಅದ್ದಿ ಒಣಗಿಸಿದ ಅರಿವಿ ಗಂಟು ಇಲ್ಲಿ ಕಟ್ಟಿದ್ಲು. ಸಮುದ್ರದ ದಂಡಿಗೆ ನಿಂತು, ಹೆಪ್ಪು ಕಾಯ್ದುಕೋ ನಾ ಮುಂದಿನ ಹಡಗಿಗೆ ಬರ್ತೀನಿ ಅಂದ್ಲು. ಮುಂದಿನ ಹಡಗ ಬರಲಿಲ್ರಿ."

ಮೂರು ವರ್ಷದಿಂದ ಸುದ್ದಿಯಿಲ್ಲ. ಹಡಗಿನಲ್ಲಿ ಎಲ್ಲರ ಹೆಪ್ಪೂ ಕೆಟ್ಟಿತ್ತು, ಈ ಅರಿವೆಯೊಂದೇ ಉಳಿದದ್ದು. ಅದನ್ನು ಹಾಲಿಗೆ ಹಾಕಿ ಎಬ್ಬಿಸಿ, ಅರವತ್ತು ಮನೆಗೆ ಫಕೀರವ್ವ ಹಂಚಿದ್ದಳು. ಕಳಕವ್ವನ ಹೆಪ್ಪು ಯಾರ ಮನೆಯಲ್ಲಿ ಉಳಿಯಬೇಕೆಂದು ಯಾರೂ ಚರ್ಚೆ ಮಾಡಲಿಲ್ಲ.

ನಾಲ್ಕು ದಿನದಲ್ಲಿ ಅರವತ್ತು ಮನೆಯವರು ಗಡಿಗೆ ಒಡೆದರು. ಒಡೆಯುವ ಮುಂಚೆ ಒಬ್ಬೊಬ್ಬ ಹೆಂಗಸೂ ಗಡಿಗೆಗೆ ಅರಿಶಿನ ಕುಂಕುಮ ಹಚ್ಚಿದ್ದನ್ನು ನೋಡಿದೆ. ನನ್ನ ಮನೆಯಲ್ಲಿ ಕಸ್ತೂರಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು, ಮೂರನೆಯ ದಿನ ತಾನೇ ಚೆಲ್ಲಿದಳು. ಧಾರವಾಡದ ಪರದೆಯ ಮೇಲೆ ಕೆಂಪು ದೀಪಗಳು ಒಂದೊಂದಾಗಿ ಆರಿದವು. ಉಳಿದ ಮನೆಗಳಲ್ಲಿ ಅವಳ ಉಸಿರು ಜೋರಾಗುತ್ತ ಹೋಯಿತು. ಅದಕ್ಕೆ ಮಾತ್ರ ನಫೀಸಾ ಮೇಡಂ ಬಳಿ ಕಾರಣ ಇರಲಿಲ್ಲ. ಕೊನೆಗೆ ಫಕೀರವ್ವನ ಮನೆಯೊಂದೇ ಉಳಿಯಿತು, ಅಲ್ಲಿ ಉಸಿರು ನಿಧಾನವಾಗಿ ಸಮಕ್ಕೆ ಬಂತು. ಕಾಲೊನಿ ಕರಡು ಕೋಷ್ಟಕಕ್ಕೆ ಸೇರಿತು. ಅಂತಿಮ ಪಟ್ಟಿಗೆ ಇನ್ನು ಹದಿನೈದು ದಿನ.

ಅಷ್ಟರಲ್ಲಿ ಬಂದರಿನಿಂದ ಒಂದು ಸಂದೇಶ ಬಂತು. ಸಣ್ಣ ದೋಣಿಯೊಂದರಲ್ಲಿ ಹನ್ನೊಂದು ಜನ ಬಂದಿದ್ದಾರೆ. ಹೆಸರು ಕೇಳದೆ ಪೆಟ್ಟಿಗೆಯ ಕೆಳಗೆ ಒಬ್ಬೊಬ್ಬರನ್ನೇ ಹಾಯಿಸುವುದು ಅಲ್ಲಿಯ ಪದ್ಧತಿ. ಅವರಲ್ಲಿ ಒಬ್ಬಳು ಹೆಂಗಸಿನ ಸಂಖ್ಯೆ ಕಪ್ಪತಗುಡ್ಡದ ಕಾಲೊನಿಯಲ್ಲಿ ಈಗಾಗಲೇ ಇದೆ. ಒಂದು ದೇಹ ಎರಡು ಕಡೆ ಇರಲಾರದು, ಆದ್ದರಿಂದ ಬಂದರಿನಲ್ಲಿರುವವಳು ನಕಲಿ. ಆಕ್ಷೇಪಣೆ ಇಲ್ಲದಿದ್ದರೆ ಹತ್ತು ದಿನದಲ್ಲಿ ದೋಣಿ ಹತ್ತಿಸಿ ವಾಪಸ್.

ನಾನೇ ಹೋಗಿ ಫಕೀರವ್ವನಿಗೆ ಹೇಳಿದೆ. ಅವಳು ಹೊಸ್ತಿಲ ಮೇಲೆ ಕೂತಳು.

"ಅವ್ವ ಅದಾಳ? ಜೀವಂತ ಅದಾಳ?"

"ಗೊತ್ತಿಲ್ಲವ್ವ. ಪೆಟಗಿ ಸಂಖ್ಯೆ ಅಷ್ಟ ಹೇಳ್ತೈತಿ. ಮಾರಿ ಯಾರೂ ನೋಡಿಲ್ಲ. ಅವಳು ಇಲ್ಲಿ ಎಣಿಕ್ಯಾಗ ಇರೂತನಕ ಅಲ್ಲಿಯವಳನ್ನ ಬಿಡೂದಿಲ್ಲ."

ಅವಳು ಮೂಲೆಯ ಗಡಿಗೆ ನೋಡಿದಳು. "ಇದನ್ನ ಚೆಲ್ಲಿದ ಮ್ಯಾಲ ಬಂದಾಕಿ ನಮ್ಮವ್ವ ಅಲ್ಲದಿದ್ರ?"

ದೇವೇಂದ್ರಪ್ಪ ಹೆಂಡತಿಯ ಪಕ್ಕ ಕೂತು, "ನಿನ್ನ ಮನಸಿಗೆ ಬಂದಂಗ ಮಾಡು, ನಾ ಏನೂ ಅನ್ನೂದಿಲ್ಲ" ಎಂದ. ಅವಳು ಎದ್ದಳು. ಒಣ ಅರಿವೆಯ ಗಂಟನ್ನೂ ಬಿಡಲಿಲ್ಲ. ಅದನ್ನು ಸೀಗೆ ನೀರಲ್ಲಿ ಕುದಿಸಿದಳು. ಗಡಿಗೆಯನ್ನು ಹಿತ್ತಲಿಗೆ ಒಯ್ದು ಬೋರಲು ಹಾಕಿದಳು. ಅಳಲಿಲ್ಲ. ನಾನು ದಿನವೂ ಹೋಗಿ ಪೆಟ್ಟಿಗೆ ನೋಡಿದೆ. ಅವಳು ನೆಲ ಒರೆಸುತ್ತಿದ್ದ ಹಾಗೆ ನಾಲ್ಕನೆಯವಳ ಉಸಿರು ಕಡಿಮೆಯಾಗುತ್ತ ಬಂತು. ಒಂಬತ್ತನೆಯ ದಿನ ಮೂರು ಎಂದು ತೋರಿಸಿತು. ಮೂವತ್ತೆರಡು ವರ್ಷದಲ್ಲಿ ನಾನು ಸಾವಿರಾರು ಸಾವು ದಾಖಲಿಸಿದ್ದೇನೆ, ಒಂದನ್ನೂ ಹೀಗೆ ಕಣ್ಣಾರೆ ಕಂಡಿರಲಿಲ್ಲ.

ಮೂರು ಎಂದು ಬಂದ ದಿನವೇ ನಾನು ಬಂದರಿಗೆ ಆಕ್ಷೇಪಣೆ ಕಳಿಸಿದ್ದೆ. ಹದಿಮೂರನೆಯ ದಿನ ಬೆಳಿಗ್ಗೆ ಬಂದರಿನ ಜೀಪು ಬಂತು. ಓಣಿಯೆಲ್ಲ ರಸ್ತೆಗೆ ಬಂದು ನಿಂತಿತ್ತು. ಫಕೀರವ್ವ ಮಗಳಿಗೆ ಹೊಸ ಲಂಗ ತೊಡಿಸಿದ್ದಳು. ಜೀಪಿನಿಂದ ಇಳಿದವಳು ಇಪ್ಪತ್ತಾರು ಇಪ್ಪತ್ತೇಳರ ಸಣಕಲು ಹೆಣ್ಣು. ಬಿಸಿಲಿಗೆ ತುಟಿ ಒಡೆದಿದ್ದವು.

ಫಕೀರವ್ವ ಅವಳ ಹಿಂದೆ ಜೀಪಿನೊಳಗೆ ಇಣುಕಿದಳು. ಒಳಗೆ ಚಾಲಕನ ಹೊರತು ಯಾರೂ ಇರಲಿಲ್ಲ.

"ಯಾರವ್ವ ನೀನು?" ನಾನು ಕೇಳಿದೆ.

"ಜೊಹುರಾ." ಬಂದ ಉತ್ತರ ಕನ್ನಡದಲ್ಲಿತ್ತು, ಅದೂ ನಮ್ಮ ಗಜೇಂದ್ರಗಡದ ಕನ್ನಡದಲ್ಲಿ. ತಡವರಿಸುತ್ತ ಹೇಳಿದಳು. "ನಮ್ಮೂರು ನಡುಗಡ್ಡಿ. ನೀರಾಗ ಮುಳುಗ್ಯಾದ. ನನ್ನ ದೇಶದ ಪಟ್ಟ್ಯಾಗ ನಾ ಇಲ್ಲ. ಕಳಕವ್ವ ನನ್ನ ಗುಡಸಲಿಗೆ ಬಂದ್ಲು, ಒಂದ ಒಲಿ ಮಾಡಿದ್ವಿ. ಹೋದ ಬ್ಯಾಸಿಗ್ಯಾಗ ಅಕಿ ತೀರಿಹೋದ್ಲು. ಕೈ ಹಿಡದು ಹೆಪ್ಪು ಹಾಕೂದು ಕಲಿಸಿದ್ಲು. ಮಗಳಿಗೆ ಮುಟ್ಟಿಸು ಅಂದ್ಲು." ಸೊಂಟದಿಂದ ಒಂದು ಅರಿವೆಯ ಗಂಟು ತೆಗೆದಳು.

ಜೀಪಿನವನು ಕೊಟ್ಟ ಚೀಟಿ ನನ್ನ ಕೈಯಲ್ಲಿತ್ತು. ಒಂದು ದೇಹ, ಎರಡು ಸಂಖ್ಯೆ ಎಂದು ಅದರಲ್ಲಿ ಬರೆದಿತ್ತು. ಒಂದು ನಮ್ಮಲ್ಲಿದ್ದ ಕಳಕವ್ವನದು. ಇನ್ನೊಂದು ಯಾವ ದೇಶದ ಪಟ್ಟಿಯಲ್ಲೂ ಇಲ್ಲದ್ದು, ಕ್ಷೀಣವಾದದ್ದು. ಸ್ಥಳೀಯ ಅಧಿಕಾರಿ ವಿಚಾರಿಸಿ ಒಂದನ್ನು ಹೊಡೆದುಹಾಕತಕ್ಕದ್ದು. ಮರಳಿದವಳಾದರೆ ಒಳಗೆ, ಪರದೇಶಿಯಾದರೆ ಅದೇ ಜೀಪಿನಲ್ಲಿ ಬಂದರಿಗೆ, ಬಂದರಿನಿಂದ ದೋಣಿಗೆ.

ಫಕೀರವ್ವ ಗಂಟನ್ನು ತೆಗೆದುಕೊಳ್ಳಲಿಲ್ಲ. ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಈ ಹುಡುಗಿ ತಾಯಿಯ ಸಾವನ್ನು ಹೊತ್ತು ತಂದಿದ್ದಳು, ತಾಯಿಯ ಕೊನೆಯ ಎರಡು ವರ್ಷವನ್ನೂ ತಾನೇ ಉಂಡು ಬಂದಿದ್ದಳು. ಹೋಗು ಎಂದು ಫಕೀರವ್ವ ಅಂದಿದ್ದರೆ ನಾನು ತಪ್ಪು ಹಿಡಿಯುತ್ತಿರಲಿಲ್ಲ. ಅವಳು ಮುಂದೆ ಬಂದು ಜೊಹುರಾಳ ಬಲಗೈ ಹಿಡಿದೆತ್ತಿ, ಅಂಗೈಯನ್ನು ಮೂಗಿಗೆ ಹಿಡಿದಳು. ಹಾಗೇ ಕಣ್ಣು ಮುಚ್ಚಿ ನಿಂತಳು. ಆಮೇಲೆ ಅವಳ ಕಣ್ಣಲ್ಲಿ ನೀರು ಇಳಿಯತೊಡಗಿತು.

"ಫಕೀರವ್ವ, ನೇಮ ಪ್ರಕಾರ ಕೇಳಬೇಕಾಗೈತಿ" ಎಂದೆ. "ಮನ್ಯಾಗ ಎಷ್ಟು ಮಂದಿ?"

"ನಾಕು ಬರಕೋರಿ, ಸಾಹೇಬ್ರ."

"ಇವರು ನಿಮಗ ಏನಾಗಬೇಕು?"

"ಅವ್ವ." ಅವಳು ಕೈ ಬಿಡಲಿಲ್ಲ. "ಹೋದ ಸರ್ತಿ ಬರಸೂದು ಬಿಟ್ಟಿದ್ದೆ."

ಓಣಿಯಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ನಾನು ಎರಡನೆಯ ಸಂಖ್ಯೆ ಹೊಡೆದುಹಾಕಿ, ತಾಯಿ, ವಯಸ್ಸು ಅರವತ್ತಮೂರು ಎಂದು ಬರೆದು ಸಹಿ ಮಾಡಿದೆ. ಎಣಿಸಲು ಬಂದವನೇ ಸುಳ್ಳು ಬರೆದರೆ ಪಾಪವೋ ಅಲ್ಲವೋ ನಮ್ಮ ಸೀಮೆಯವರು ಹೇಳಿಲ್ಲ. ಕಾಲೊನಿ ಅಂತಿಮ ಕೋಷ್ಟಕಕ್ಕೆ ಬಂತು.

ಮರುವರ್ಷದ ಎಣಿಕೆಯ ಚೀಟಿ ನೋಡುವಾಗ ನನಗೆ ಒಂದು ವಿಷಯ ಕಂಡಿತು. ಫಕೀರವ್ವನ ಮನೆಯಲ್ಲಿ ನಾಲ್ಕು ಸಂಖ್ಯೆಗಳಿದ್ದವು. ಐದನೆಯದು, ಜೊಹುರಾಳ ಸ್ವಂತದ್ದಾದ ಆ ಕ್ಷೀಣ ಸಂಖ್ಯೆ, ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ. ಕಳಕವ್ವನ ವಯಸ್ಸು ಅರವತ್ತನಾಲ್ಕು ಎಂದಿತ್ತು. ನಫೀಸಾ ಮೇಡಂಗೆ ತೋರಿಸಿದೆ. ಅವರು ನೋಡಿ, "ಹೊಡದಹಾಕಿದ್ದು ನೀವು ಕಾಗದದ ಮ್ಯಾಲ ಅಷ್ಟ ಅಲ್ಲೇನು?" ಎಂದರು. ಪೆಟ್ಟಿಗೆಯನ್ನು ಬದಲಿಸಿ ನೋಡಿದೆವು. ಅದೇ ನಾಲ್ಕು.

ಮನಸ್ಸು ತಡೆಯದೆ ಒಂದು ಸಂಜೆ ಅಲ್ಲಿಗೆ ಹೋದೆ. ಆ ಹೆಣ್ಣು ಒಲೆಯ ಮುಂದೆ ನನಗೆ ಬೆನ್ನು ಮಾಡಿ ಕೂತು ಹಾಲು ಆರಿಸುತ್ತಿತ್ತು. ಮೆಲ್ಲಗೆ ಜೊಹುರಾ ಎಂದು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಆಗ ಒಳಗಿನಿಂದ ಫಕೀರವ್ವ ಅವ್ವಾ ಎಂದು ಕೂಗಿದಳು, ಅವಳು ತಟ್ಟನೆ ತಿರುಗಿದಳು. ಇಪ್ಪತ್ತೇಳರ ಮುಖ. ನನ್ನ ಕೈಯಲ್ಲಿದ್ದ ಖಾಲಿ ಕುಡಿಕೆ ನೋಡಿ, ಹಲ್ಲಿಲ್ಲದ ಮುದುಕಿಯರು ನಗುವ ಹಾಗೆ ತುಟಿ ಒಳಗೆ ಮಡಿಸಿ ನಕ್ಕಳು.

"ಕೊಡಾಕ ಬಂದಿಯೋ ಒಯ್ಯಾಕ ಬಂದಿಯೋ?" ಎಂದಳು. "ದೀಪಾ ಹಚ್ಚೂದರೊಳಗ ಹೇಳು."